ಊಹೆ ಮೊದಲು, ಹೆಸರು ಆಮೇಲೆ: ಮನೆ ಮತ್ತು ತೋಟದಲ್ಲೇ ಸಿಗುವ ಭೌತಶಾಸ್ತ್ರ, ರಸಾಯನಶಾಸ್ತ್ರದ ಪಾಠ

ತೀರ್ಥಹಳ್ಳಿ ಕಡೆಯ ಹೈಸ್ಕೂಲು ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಶಾಲೆ ಮತ್ತೆ ಆರಂಭವಾಗುವ ದಿನ ಹತ್ತಿರವಾಗುತ್ತಿದೆ. ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರವನ್ನು ಈ ವರ್ಷ ಹೇಗೆ ಆರಂಭಿಸಬೇಕು ಎಂಬ ವಿಷಯದಲ್ಲಿ ನಿಮ್ಮೆಲ್ಲರ ಸಹಾಯ ಕೇಳುತ್ತಿದ್ದೇನೆ. ವಿಜ್ಞಾನವನ್ನು ಮಕ್ಕಳಿಗೆ ಖುಷಿಯಾಗುವಂತೆ ಕಲಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಬಹಳ ಕಡೆ ಅದು ಹೊಗೆ ಬರಿಸಿ, ಸದ್ದು ಮಾಡಿಸಿ, ಚಪ್ಪಾಳೆ ತಟ್ಟಿಸುವಲ್ಲಿಗೆ ನಿಂತುಬಿಡುತ್ತದೆ. ಮರುದಿನ ಕೇಳಿದರೆ ಮಕ್ಕಳಿಗೆ ಹೊಗೆ ನೆನಪಿರುತ್ತದೆ, ಕಾರಣ ನೆನಪಿರುವುದಿಲ್ಲ.

ನಾನು ಕೆಲವು ವರ್ಷಗಳಿಂದ ಬೇರೆ ಕ್ರಮ ಹಿಡಿದಿದ್ದೇನೆ. ಏನಾಗುತ್ತದೆ ಎಂದು ಮಗು ಮೊದಲು ಊಹಿಸಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಆಮೇಲೆ ಮಾಡಿ ನೋಡಬೇಕು, ಪಾರಿಭಾಷಿಕ ಪದ ಎಲ್ಲಕ್ಕಿಂತ ಕೊನೆಗೆ ಬರಬೇಕು. ಉದಾಹರಣೆಗೆ, ನಮ್ಮ ಮನೆಗಳಲ್ಲಿ ಶುಭಕಾರ್ಯದ ದಿನ ಅರಿಶಿನದ ನೀರಿಗೆ ಚೂರು ಸುಣ್ಣ ಕದಡಿ ಮಾಡುವ ಕೆಂಪಾರತಿಯನ್ನು ನೋಡದ ಮಗುವಿಲ್ಲ. ಅದೇ ಅರಿಶಿನದ ನೀರನ್ನು ಆರು ಲೋಟಗಳಿಗೆ ಹಂಚಿ, ಒಂದೊಂದಕ್ಕೆ ನಿಂಬೆರಸ, ಮಜ್ಜಿಗೆ, ಬಟ್ಟೆ ಸೋಪಿನ ನೀರು, ಒಲೆಯ ಬೂದಿ ನೆನೆಸಿ ಬಸಿದ ತಿಳಿ, ಸೀಗೆಕಾಯಿ ನೀರು, ಅಡುಗೆ ಸೋಡಾ ಹಾಕುವ ಮುನ್ನ ಯಾವುದು ಕೆಂಪಾಗುತ್ತದೆ ಎಂದು ಕೇಳುತ್ತೇನೆ. ಸೀಗೆಕಾಯಿ ಸೋಪಿನಂತೆ ನೊರೆ ಕೊಡುವುದರಿಂದ ಅದೂ ಕೆಂಪಾಗಲೇಬೇಕು ಎಂದು ತರಗತಿಯ ಮುಕ್ಕಾಲು ಪಾಲು ಮಕ್ಕಳು ಬರೆಯುತ್ತಾರೆ. ಸೋಪು ಮತ್ತು ಬೂದಿಯ ಲೋಟಗಳು ಕೆಂಪಾಗುತ್ತವೆ, ಸೀಗೆಕಾಯಿಯ ಲೋಟ ಹಳದಿಯಾಗಿಯೇ ಉಳಿಯುತ್ತದೆ. ಹಾಗಾದರೆ ನೊರೆಗೂ ಬಣ್ಣಕ್ಕೂ ಸಂಬಂಧವಿಲ್ಲ, ಸೋಪಿನಲ್ಲಿ ಇರುವ ಇನ್ನೇನೋ ಒಂದು ಬೂದಿಯಲ್ಲೂ ಇದೆ, ಸುಣ್ಣದಲ್ಲೂ ಇದೆ ಎಂಬ ಮಾತು ಅವರ ಬಾಯಿಂದಲೇ ಬರುತ್ತದೆ. ಪ್ರತ್ಯಾಮ್ಲ ಎಂಬ ಪದವನ್ನು ನಾನು ಆಗ ಬೋರ್ಡಿನ ಮೇಲೆ ಬರೆಯುತ್ತೇನೆ. ಕೆಂಪಾದ ಲೋಟಕ್ಕೆ ನಿಂಬೆರಸ ಹಿಂಡಿದಾಗ ಅದು ಮತ್ತೆ ಹಳದಿಗೆ ತಿರುಗುವುದನ್ನು ನೋಡುವ ಹೊತ್ತಿಗೆ, ತಟಸ್ಥೀಕರಣವನ್ನು, ಅಂದರೆ ಆಮ್ಲವೂ ಪ್ರತ್ಯಾಮ್ಲವೂ ಒಂದರ ಗುಣವನ್ನು ಇನ್ನೊಂದು ಇಲ್ಲವಾಗಿಸುವುದನ್ನು, ನಾನು ವಿವರಿಸಬೇಕಾದ ಅಗತ್ಯವೇ ಉಳಿದಿರುವುದಿಲ್ಲ.

ಇಂಥ ಸಂಗತಿಗಳು ನಿಮ್ಮ ಮನೆ, ತೋಟ, ಕೆಲಸದ ಜಾಗದಲ್ಲಿ ಯಾವುವಿವೆ? ದಯವಿಟ್ಟು ತಿಳಿಸಿ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ಅದನ್ನೂ ತಿಳಿಸಿ.

ಹೊಸನಗರದ ಅಡಿಕೆ ಬೆಳೆಗಾರ:

ಮೇಷ್ಟ್ರೇ, ನಾನು ಓದಿದ್ದು ಕಡಿಮೆ, ಆದರೆ ನೀವು ಕೇಳಿದಂಥದ್ದು ನಮ್ಮ ತೋಟದಲ್ಲಿ ಪ್ರತಿ ಜೂನ್ ತಿಂಗಳಲ್ಲೂ ನಡೆಯುತ್ತದೆ. ಮಳೆ ಹಿಡಿಯುವ ಮೊದಲು ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಒಂದು ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಒಂದು ಕಡೆ, ಒಂದು ಕೆ.ಜಿ. ಸುಟ್ಟ ಸುಣ್ಣವನ್ನು ಅರಳಿಸಿ 50 ಲೀಟರ್ ನೀರಿನಲ್ಲಿ ಇನ್ನೊಂದು ಕಡೆ ಕರಗಿಸಿಟ್ಟುಕೊಂಡು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕೋಲಿನಿಂದ ಕದಡುತ್ತೇವೆ. ಆಕಾಶದ ಬಣ್ಣದ ತಿಳಿ ನೀಲಿ ಬರುತ್ತದೆ. ಅದು ಹದವಾಗಿದೆಯೋ ಇಲ್ಲವೋ ಎಂದು ನೋಡಲು ಉಜ್ಜಿ ಹೊಳಪು ಮಾಡಿದ ಕತ್ತಿಯ ತುದಿಯನ್ನೋ ಬ್ಲೇಡನ್ನೋ ಒಂದೆರಡು ನಿಮಿಷ ಅದ್ದಿ ತೆಗೆಯುತ್ತೇವೆ. ಕಬ್ಬಿಣದ ಮೇಲೆ ತಾಮ್ರದಂಥ ಕೆಂಪು ಹತ್ತಿದ್ದರೆ ಸುಣ್ಣ ಸಾಲದು ಎಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದಬೇಕು. ಕೆಂಪು ಹತ್ತದಿದ್ದರೆ ಮಾತ್ರ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರ ಕೈಗೆ ಕೊಡುತ್ತೇವೆ, ಇಲ್ಲದಿದ್ದರೆ ಎಳೆಯ ಕಾಯಿ ಸುಟ್ಟುಹೋಗುತ್ತದೆ.

ಅಪ್ಪಯ್ಯ ಹೇಳಿಕೊಟ್ಟದ್ದನ್ನು ಮಾಡುತ್ತಾ ಬಂದಿದ್ದೇನೆಯೇ ಹೊರತು ಕಬ್ಬಿಣ ಏಕೆ ಕೆಂಪಾಗುತ್ತದೆ ಎಂದು ನನಗೆ ಗೊತ್ತಿಲ್ಲ. ಒಂಬತ್ತನೇ ತರಗತಿ ಮುಗಿಸಿದ ಮಗಳು ಕೇಳಿದ್ದಳು, ಹೇಳಲಾಗಲಿಲ್ಲ. ಸುಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಳೆದ ವರ್ಷ ಅವಸರದಲ್ಲಿ ತೆಳ್ಳಗಿನ ಪ್ಲಾಸ್ಟಿಕ್ ಬಕೆಟ್ಟಿಗೆ ಸುಟ್ಟ ಸುಣ್ಣ ಹಾಕಿ ಸ್ವಲ್ಪವೇ ನೀರು ಹೊಯ್ದಾಗ ಅದು ಕೊತಕೊತ ಕುದಿದು, ಬಕೆಟ್ಟಿನ ತಳ ಮೆತ್ತಗಾಗಿ ಸೊಟ್ಟಗಾಯಿತು. ಪಕ್ಕದಲ್ಲಿ ಮಕ್ಕಳಿದ್ದರು. ಆ ದಿನದಿಂದ ಸುಣ್ಣ ಅರಳಿಸುವಾಗ ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಶಿವಮೊಗ್ಗದ ರಸಾಯನಶಾಸ್ತ್ರ ಉಪನ್ಯಾಸಕಿ:

ಹೊಸನಗರದ ಅಣ್ಣಯ್ಯನವರು ಬರೆದದ್ದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಹತ್ತನೇ ತರಗತಿಯ ಪಾಠದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಡುವ ಪ್ರಯೋಗವಿದೆ. ಅಡಿಕೆ ತೋಟದ ಮನೆಯ ಮಗು ಅದನ್ನು ಸ್ಥಾನಪಲ್ಲಟ ಕ್ರಿಯೆ ಎಂದು ಬಾಯಿಪಾಠ ಮಾಡಿ ಅಂಕ ಪಡೆಯುತ್ತದೆ, ಅದೇ ಪ್ರಯೋಗವನ್ನು ತಂದೆ ತನ್ನ ಕತ್ತಿಯ ತುದಿಯಲ್ಲಿ ಮಾಡುತ್ತಿದ್ದಾರೆ ಎಂಬುದು ಮಾತ್ರ ಆ ಮಗುವಿಗೆ ಹೊಳೆಯುವುದಿಲ್ಲ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಅದರ ನೀರಿನಲ್ಲಿ ತಾಮ್ರವು ಕಣ್ಣಿಗೆ ಕಾಣದ ಅಯಾನುಗಳಾಗಿ, ಅಂದರೆ ವಿದ್ಯುದಾವೇಶವುಳ್ಳ ಕಣಗಳಾಗಿ, ಕರಗಿರುತ್ತದೆ. ತಾಮ್ರಕ್ಕಿಂತ ಕಬ್ಬಿಣ ಹೆಚ್ಚು ಕ್ರಿಯಾಶೀಲ ಲೋಹವಾದ್ದರಿಂದ, ಕತ್ತಿಯ ಮೇಲ್ಮೈಯ ಕಬ್ಬಿಣ ತಾನು ಕರಗಿ ನೀರಿಗೆ ಇಳಿಯುತ್ತದೆ, ಕರಗಿದ್ದ ತಾಮ್ರ ಲೋಹವಾಗಿ ಅದರ ಜಾಗದಲ್ಲಿ ಕೂರುತ್ತದೆ. ನೀವು ನೋಡುವ ಕೆಂಪು ನಿಜವಾದ ತಾಮ್ರವೇ. ಸುಣ್ಣ ಸಾಕಷ್ಟಿದ್ದಾಗ ತಾಮ್ರವೆಲ್ಲ ನೀರಿನಲ್ಲಿ ಕರಗದ ನೀಲಿ ಕಣಗಳಾಗಿ ಬದಲಾಗಿರುತ್ತದೆ, ಕತ್ತಿಗೆ ಹತ್ತಲು ಬಿಡಿಯಾದ ತಾಮ್ರ ಉಳಿದಿರುವುದಿಲ್ಲ. ಆ ನೀಲಿ ಕಣಗಳು ಕಾಯಿಯ ಮೈಗೆ ಅಂಟಿಕೊಂಡು, ಮಳೆಯಲ್ಲಿ ಬಹಳ ನಿಧಾನವಾಗಿ ಚೂರುಚೂರೇ ತಾಮ್ರವನ್ನು ಬಿಟ್ಟುಕೊಡುತ್ತಾ ಕೊಳೆ ರೋಗದ ಬೀಜಾಣುಗಳನ್ನು ತಡೆಯುತ್ತವೆ. ಬಿಡಿ ತಾಮ್ರ ಒಮ್ಮೆಲೇ ಹೆಚ್ಚಾದರೆ ಕಾಯಿಯ ಸಿಪ್ಪೆಯನ್ನೇ ಸುಡುತ್ತದೆ. ಈ ಮಿಶ್ರಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ತಯಾರಿಸಬಾರದು ಎಂಬುದಕ್ಕೂ ಇದೇ ಕಾರಣ, ಅಲ್ಲಿ ಡ್ರಮ್ಮೇ ಕತ್ತಿಯ ಕೆಲಸ ಮಾಡುತ್ತದೆ.

ಇದರ ಕಥೆಯನ್ನೂ ಮಕ್ಕಳಿಗೆ ಹೇಳಬಹುದು. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ತಾಮ್ರ ಮತ್ತು ಸುಣ್ಣದ ನೀಲಿ ಮಿಶ್ರಣವನ್ನು ಎರಚುತ್ತಿದ್ದರು. ಬೂಜುರೋಗ ಹರಡಿದಾಗ ಆ ಬಳ್ಳಿಗಳು ಮಾತ್ರ ಹಸಿರಾಗಿ ಉಳಿದದ್ದನ್ನು ಸಸ್ಯವಿಜ್ಞಾನಿ ಮಿಯಾರ್ದೆ ಗಮನಿಸಿ, 1885ರಲ್ಲಿ ಪ್ರಕಟಿಸಿದರು. ನಮ್ಮ ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆ ರೋಗದ ಅಧ್ಯಯನವನ್ನು 1910ರಲ್ಲಿ ಹೊರತಂದರು. ನಮ್ಮ ತೋಟಗಳಿಗೆ ಈ ಔಷಧಿ ಬಂದುದರ ಹಿಂದೆ ಅವರ ದುಡಿಮೆ ಇದೆ.

ಬಕೆಟ್ಟು ಸೊಟ್ಟಗಾದದ್ದು ಬಹಿರುಷ್ಣಕ ಕ್ರಿಯೆಯಿಂದ. ಸುಟ್ಟ ಸುಣ್ಣ ನೀರಿನೊಡನೆ ಸೇರುವಾಗ ಹೊರಬರುವ ಶಾಖವು ಸುತ್ತಲಿನ ನೀರನ್ನು ಕುದಿಸುವಷ್ಟಿರುತ್ತದೆ. ಕಣ್ಣಿಗೆ ಒಂದು ಹನಿ ಸಿಡಿದರೂ ದೃಷ್ಟಿಗೇ ಅಪಾಯ. ಮಕ್ಕಳನ್ನು ದೂರ ಇಟ್ಟದ್ದು ಸರಿಯಾಯಿತು. ಕತ್ತಿ ಅದ್ದುವ ಪರೀಕ್ಷೆಯನ್ನು ಕೈಗವಸು ಹಾಕಿಸಿ, ನಿಮ್ಮ ಎದುರಿಗೆ ಮಗಳಿಂದ ಮಾಡಿಸಬಹುದು. ಇನ್ನೊಂದು ವಿಷಯ: ಚೀಲದ ಬಾಯಿ ತೆರೆದಿಟ್ಟ ಸುಣ್ಣ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿ ಸತ್ವ ಕಳೆದುಕೊಳ್ಳುತ್ತದೆ, ಆದ್ದರಿಂದ ತೂಕ ಸರಿಯಿದ್ದರೂ ಪರೀಕ್ಷೆ ಬಿಡಬಾರದು.

ಸಾಗರದ ಗೃಹಿಣಿ:

ಅಡುಗೆಮನೆಯ ಕಡೆಯಿಂದ ನಾನೂ ಒಂದು ಸೇರಿಸುತ್ತೇನೆ. ನಮ್ಮಲ್ಲಿ ಪ್ರತಿ ವರ್ಷ ಅಪ್ಪೆಮಿಡಿ ಹಾಕುತ್ತೇವೆ. ತೊಟ್ಟು ಸ್ವಲ್ಪ ಉಳಿಸಿ, ಮಿಡಿಗಳನ್ನು ತೊಳೆದು, ಒಂದು ಹನಿ ನೀರೂ ಉಳಿಯದಂತೆ ಬಟ್ಟೆಯಲ್ಲಿ ಒರೆಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕುತ್ತಾ ಬರುತ್ತೇವೆ. ನೀರು ಹಾಕುವುದೇ ಇಲ್ಲ. ಮೂರು ನಾಲ್ಕು ದಿನಗಳಲ್ಲಿ ಭರಣಿಯ ತುಂಬ ಉಪ್ಪುನೀರು ಬಂದಿರುತ್ತದೆ, ಗುಂಡಗಿದ್ದ ಮಿಡಿಗಳು ಮುರುಟಿ ಸುಕ್ಕುಗಟ್ಟಿರುತ್ತವೆ. ಈ ಸಲ ಮಗನಿಗೆ ಅಡುಗೆಮನೆಯ ತಕ್ಕಡಿಯಲ್ಲಿ ಹತ್ತು ಮಿಡಿಗಳನ್ನು ಮೊದಲೂ ಆಮೇಲೂ ತೂಗಿಸಿದೆ. ಉಪ್ಪು ಒಳಗೆ ಹೋಗುವುದರಿಂದ ತೂಕ ಹೆಚ್ಚಾಗುತ್ತದೆ ಎಂದು ಅವನು ಊಹಿಸಿದ್ದ, ಆದರೆ ತೂಕ ಕಡಿಮೆಯಾಗಿತ್ತು. ಮಿಡಿಯ ಸಿಪ್ಪೆಯೊಳಗಿನ ಕೋಶಗಳ ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಉಪ್ಪನ್ನು ಅಷ್ಟು ಸುಲಭವಾಗಿ ಒಳಗೆ ಬಿಡುವುದಿಲ್ಲ, ಆದ್ದರಿಂದ ಉಪ್ಪು ಹೆಚ್ಚಿರುವ ಕಡೆಗೆ ನೀರು ಹೊರಟುಬರುತ್ತದೆ ಎಂದು ಅವನ ಪುಸ್ತಕದಲ್ಲೇ ಅಭಿಸರಣೆ ಎಂಬ ಪಾಠದಲ್ಲಿತ್ತು. ಉಪ್ಪಿನಕಾಯಿ ಕೆಡದಿರುವುದಕ್ಕೂ ಅದೇ ಕಾರಣ, ಅಲ್ಲಿಗೆ ಬಂದ ಸೂಕ್ಷ್ಮಜೀವಿಗಳ ಮೈಯ ನೀರನ್ನೂ ಉಪ್ಪು ಹೊರಗೆಳೆಯುತ್ತದೆ. ತೋಟದಲ್ಲಿ ಕಾಲಿಗೆ ಹತ್ತಿದ ಉಂಬಳಕ್ಕೆ (ಜಿಗಣೆಗೆ) ಉಪ್ಪು ಮುಟ್ಟಿಸಿದರೆ ಅದು ಮುದುಡಿ ಬೀಳುವುದನ್ನು ಅವನೇ ಇದಕ್ಕೆ ಜೋಡಿಸಿ ಹೇಳಿದ.

ಶಿವಮೊಗ್ಗದ ದ್ವಿತೀಯ ಪಿಯುಸಿ ವಿದ್ಯಾರ್ಥಿ:

ಸರ್, ಇದೆಲ್ಲ ಓದಲು ಚೆನ್ನಾಗಿದೆ. ಆದರೆ ಪರೀಕ್ಷೆಯಲ್ಲಿ ವ್ಯಾಖ್ಯೆ ಕೇಳುತ್ತಾರೆ, ಸಮೀಕರಣ ಕೇಳುತ್ತಾರೆ. ಉಪ್ಪಿನಕಾಯಿಯ ಕಥೆ ಬರೆದರೆ ಅಂಕ ಸಿಗುವುದಿಲ್ಲ. ಸಮಯವೂ ಸಾಲುವುದಿಲ್ಲ.

ತೀರ್ಥಹಳ್ಳಿ ಕಡೆಯ ಹೈಸ್ಕೂಲು ಮೇಷ್ಟ್ರು:

ನಿನ್ನ ಮಾತು ನಿಜ ತಮ್ಮಾ, ವ್ಯಾಖ್ಯೆಯೂ ಸಮೀಕರಣವೂ ಬೇಕೇ ಬೇಕು. ನಾನು ಕೇಳುತ್ತಿರುವುದು ಅವು ಬರಬೇಕಾದ ಕ್ರಮದ ಬಗ್ಗೆ ಮಾತ್ರ. ಸಮಯದ ವಿಷಯ ಹೇಳುವುದಾದರೆ, ಆರು ಲೋಟಗಳ ಪ್ರಯೋಗಕ್ಕೆ ನನಗೆ ಒಂದು ಪೀರಿಯಡ್ಡು ಹಿಡಿಯುತ್ತದೆ, ಆದರೆ ಆಮ್ಲ ಮತ್ತು ಪ್ರತ್ಯಾಮ್ಲಗಳ ಉಳಿದ ಪಾಠ ಮೊದಲಿಗಿಂತ ಬೇಗ ಮುಗಿಯುತ್ತದೆ.

ಮಳೆಗಾಲದಲ್ಲಿ ಕರೆಂಟು ಹೋದ ಸಂಜೆಗಳಲ್ಲಿ ಮನೆಯಲ್ಲೇ ಮಾಡಬಹುದಾದದ್ದು ಮೇಣದಬತ್ತಿಯ ಪ್ರಯೋಗ. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಮೇಣದಬತ್ತಿ ಹಚ್ಚಿಟ್ಟು, ಅದರ ಮೇಲೆ ಗಾಜಿನ ಲೋಟವನ್ನು ಬೋರಲು ಹಾಕಿದರೆ, ಬತ್ತಿ ಆರಿ ನೀರು ಲೋಟದೊಳಗೆ ಏರುತ್ತದೆ. ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಇರುವ ಆಮ್ಲಜನಕ ಉರಿದು ಖರ್ಚಾದಷ್ಟು ಜಾಗಕ್ಕೆ ನೀರು ಏರುತ್ತದೆ ಎಂದು ನಾನು ವಿವರಿಸುತ್ತಾ ಬಂದಿದ್ದೇನೆ.

ಶಿವಮೊಗ್ಗದ ರಸಾಯನಶಾಸ್ತ್ರ ಉಪನ್ಯಾಸಕಿ:

ಮೇಷ್ಟ್ರೇ, ತಪ್ಪಿದ್ದರೆ ತಿಳಿಸಿ ಎಂದು ನೀವೇ ಹೇಳಿದ್ದೀರಿ, ಆ ಧೈರ್ಯದಿಂದ ಬರೆಯುತ್ತಿದ್ದೇನೆ. ಈ ವಿವರಣೆ ಬಹಳ ಕಡೆ ಪ್ರಚಾರದಲ್ಲಿದೆ, ಆದರೆ ಸರಿಯಲ್ಲ. ಮೇಣ ಉರಿದಾಗ ಆಮ್ಲಜನಕ ಮಾಯವಾಗುವುದಿಲ್ಲ, ಅದರ ಬದಲಿಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಉಂಟಾಗುತ್ತವೆ. ಲೋಟದೊಳಗಿನ ಆಮ್ಲಜನಕವೆಲ್ಲ ಮುಗಿಯುವ ಎಷ್ಟೋ ಮೊದಲೇ ಬತ್ತಿ ಆರಿಹೋಗುತ್ತದೆ. ನೀರು ಏರುವುದಕ್ಕೆ ಮುಖ್ಯ ಕಾರಣ ಶಾಖ. ಲೋಟ ಬೋರಲು ಹಾಕುವಾಗ ಜ್ವಾಲೆಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಒಂದಷ್ಟು ಹೊರಗೆ ಹೋಗಿರುತ್ತದೆ. ಅಂಚಿನಲ್ಲಿ ಗುಳ್ಳೆಗಳು ಹೊರಬರುವುದನ್ನು ನೀವು ನೋಡಿರಬಹುದು. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಆವಿ ನೀರಾಗುತ್ತದೆ, ಒಳಗಿನ ಒತ್ತಡ ಕಡಿಮೆಯಾಗಿ ಹೊರಗಿನ ವಾತಾವರಣವು ನೀರನ್ನು ಒಳಕ್ಕೆ ತಳ್ಳುತ್ತದೆ.

ನನ್ನ ಮಾತನ್ನು ಹಾಗೆಯೇ ಒಪ್ಪಬೇಡಿ, ನಿಮ್ಮ ಕ್ರಮದಲ್ಲೇ ಪರೀಕ್ಷಿಸಿ. ಅದೇ ಲೋಟದಡಿ ಒಮ್ಮೆ ಒಂದು ಬತ್ತಿ, ಇನ್ನೊಮ್ಮೆ ಮೂರು ಬತ್ತಿ ಇಡಿ. ಆಮ್ಲಜನಕವೇ ಕಾರಣವಾಗಿದ್ದರೆ ಎರಡು ಸಲವೂ ನೀರು ಒಂದೇ ಮಟ್ಟಕ್ಕೆ ಏರಬೇಕು. ಬತ್ತಿ ಉರಿಯುತ್ತಿರುವಾಗ ನೀರು ಸಮನಾಗಿ ಏರುತ್ತದೆಯೋ, ಆರಿದ ಮೇಲೆ ಒಮ್ಮೆಲೇ ಏರುತ್ತದೆಯೋ ಎಂಬುದನ್ನೂ ಮಕ್ಕಳು ಗಮನಿಸಲಿ.

ಕಾರ್ಗಲ್‌ನ ನಿವೃತ್ತ ಎಂಜಿನಿಯರ್:

ರಸಾಯನಶಾಸ್ತ್ರದ ಮಾತೇ ಹೆಚ್ಚಾಯಿತು, ಭೌತಶಾಸ್ತ್ರಕ್ಕೆ ನಮ್ಮ ಜೋಗವಿದೆ. ಅಲ್ಲಿ ನೀರು ಸುಮಾರು 253 ಮೀಟರ್ ಬೀಳುತ್ತದೆ. ಮಕ್ಕಳಿಗೆ ಒಂದೇ ಒಂದು ಲೀಟರ್ ನೀರಿನ ಲೆಕ್ಕ ಕೊಡಿ. ಒಂದು ಲೀಟರ್ ಎಂದರೆ ಒಂದು ಕೆ.ಜಿ. ಅದನ್ನು 9.8ರಿಂದಲೂ 253ರಿಂದಲೂ ಗುಣಿಸಿದರೆ ಸುಮಾರು 2,480 ಜೂಲ್ ಬರುತ್ತದೆ. ಈಗ ಮನೆಮನೆಯಲ್ಲಿರುವ 9 ವ್ಯಾಟಿನ ಎಲ್‌ಇಡಿ ಬಲ್ಬು ಸೆಕೆಂಡಿಗೆ 9 ಜೂಲ್ ಬಳಸುತ್ತದೆ. ಏನೂ ನಷ್ಟವಾಗದಿದ್ದರೆ, ಒಂದು ಲೀಟರ್ ನೀರಿನ ಬೀಳುವಿಕೆಯಿಂದ ಆ ಬಲ್ಬು ನಾಲ್ಕೂವರೆ ನಿಮಿಷ ಉರಿಯುತ್ತದೆ. 1948ರಿಂದ ವಿದ್ಯುತ್ ಕೊಡುತ್ತಿರುವ ಮಹಾತ್ಮಾ ಗಾಂಧಿ ಜಲವಿದ್ಯುದಾಗಾರ ಮಾಡುತ್ತಿರುವುದು ಇದನ್ನೇ, ಸೆಕೆಂಡಿಗೆ ಸಾವಿರಾರು ಲೀಟರುಗಳ ಲೆಕ್ಕದಲ್ಲಿ. ಟರ್ಬೈನಿಗೆ ಹೋಗದೆ ಬಂಡೆಯ ಮೇಲೆ ಬಿದ್ದ ನೀರಿನ ಶಕ್ತಿ ಎಲ್ಲಿ ಹೋಯಿತು ಎಂದು ಕೇಳಿ. ಬಹುಪಾಲು ಶಾಖವಾಗುತ್ತದೆ, ಆದರೆ ನೀರನ್ನು ಕಾಯಿಸಲು ಬಹಳ ಶಕ್ತಿ ಬೇಕಾದ್ದರಿಂದ ಅಷ್ಟು ಎತ್ತರದಿಂದ ಬಿದ್ದರೂ ನೀರು ಬಿಸಿಯಾಗುವುದು ಹೆಚ್ಚೆಂದರೆ 0.6 ಡಿಗ್ರಿ ಸೆಲ್ಸಿಯಸ್. ಬಚ್ಚಲ ಹಂಡೆಗೆ ಅಷ್ಟೊಂದು ಕಟ್ಟಿಗೆ ಏಕೆ ಬೇಕು ಎಂಬುದೂ ಇದರಿಂದಲೇ ತಿಳಿಯುತ್ತದೆ.

ಎರಡನೆಯದು ಆಗುಂಬೆಯ ಮಳೆ. ಒಂದು ಕಿಲೋಮೀಟರ್ ಎತ್ತರದಿಂದ ತಡೆಯಿಲ್ಲದೆ ಬಿದ್ದರೆ ಮಳೆಹನಿಯ ವೇಗ ಗಂಟೆಗೆ 500 ಕಿಲೋಮೀಟರ್ ಆಗಬೇಕು, ಆಗ ಕಂಬಳಿ ಕೊಪ್ಪೆ ಹೊದ್ದವರೂ ಗದ್ದೆಗೆ ಇಳಿಯಲಾಗುತ್ತಿರಲಿಲ್ಲ. ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚಿ, ಹನಿಯ ತೂಕಕ್ಕೆ ಸಮನಾದ ಮೇಲೆ ವೇಗ ಏರುವುದು ನಿಲ್ಲುತ್ತದೆ. ದಪ್ಪ ಹನಿಗೂ ಅದು ಸೆಕೆಂಡಿಗೆ ಸುಮಾರು 9 ಮೀಟರಿನಷ್ಟೇ.

ಸೊರಬದ ಓದುಗ:

ಎಲ್ಲರ ಬರಹವೂ ಉಪಯುಕ್ತವಾಗಿದೆ. ಒಂದು ಪ್ರಶ್ನೆ: ಆಮ್ಲಜನಕ, ಇಂಗಾಲ ಎಂಬ ಪದಗಳು ಮಕ್ಕಳಿಗೆ ಭಾರವಾಗುವುದಿಲ್ಲವೇ? ಆಕ್ಸಿಜನ್, ಕಾರ್ಬನ್ ಎಂದೇ ಹೇಳಿಬಿಟ್ಟರೆ ಮುಂದೆ ಕಾಲೇಜಿನಲ್ಲಿಯೂ ಅನುಕೂಲವಲ್ಲವೇ?

ಶಿವಮೊಗ್ಗದ ರಸಾಯನಶಾಸ್ತ್ರ ಉಪನ್ಯಾಸಕಿ:

ನಾನು ಎರಡನ್ನೂ ಹೇಳುತ್ತೇನೆ, ಆದರೆ ಕನ್ನಡದ ಪದವನ್ನು ಬಿಡುವುದಿಲ್ಲ, ಏಕೆಂದರೆ ಅದರೊಳಗೆ ಪಾಠವಿದೆ. ಇಂಗಳ ಎಂದರೆ ಕೆಂಡ. ಒಲೆಯಲ್ಲಿ ಕೆಂಡವಾಗಿ ಕೊನೆಗೆ ಇದ್ದಿಲಾಗಿ ಉಳಿಯುವ ವಸ್ತು ಇಂಗಾಲ ಎಂದರೆ ಮಲೆನಾಡಿನ ಮಗುವಿಗೆ ಬೇರೆ ವಿವರಣೆ ಬೇಡ. ಜಲಜನಕ ಉರಿದರೆ ನೀರೇ ಹುಟ್ಟುತ್ತದೆ, ಹೆಸರು ಅಕ್ಷರಶಃ ಸರಿ. ಆಮ್ಲಜನಕದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದ್ದೇ ಇರುತ್ತದೆ ಎಂದು ನಂಬಿ ಫ್ರಾನ್ಸಿನ ಲಾವಾಸಿಯೆ 1777ರ ಸುಮಾರಿಗೆ ಆ ಅರ್ಥದ ಹೆಸರಿಟ್ಟರು, ನಮ್ಮವರು ಅದನ್ನೇ ಕನ್ನಡಕ್ಕೆ ತಂದರು. ಆದರೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ ಎಂದು ಇಂಗ್ಲೆಂಡಿನ ಹಂಫ್ರಿ ಡೇವಿ 1810ರಲ್ಲಿ ತೋರಿಸಿಕೊಟ್ಟರು. ಅಷ್ಟು ದೊಡ್ಡ ವಿಜ್ಞಾನಿಯ ಊಹೆಯೂ ಪ್ರಯೋಗದ ಮುಂದೆ ಬಿದ್ದುಹೋಯಿತು ಎಂದು ತಿಳಿದ ಮಗು ತನ್ನ ನೋಟ್‌ಬುಕ್ಕಿನ ತಪ್ಪು ಊಹೆಯನ್ನು ಅಳಿಸಿಹಾಕುವುದಿಲ್ಲ.

ತೀರ್ಥಹಳ್ಳಿ ಕಡೆಯ ಹೈಸ್ಕೂಲು ಮೇಷ್ಟ್ರು:

ಮೇಡಂ, ನಿನ್ನೆ ರಾತ್ರಿ ಮನೆಯಲ್ಲಿ ಮೂರು ಬತ್ತಿ ಹಚ್ಚಿ ನೋಡಿದೆ. ಒಂದು ಬತ್ತಿಗೆ ಏರಿದ್ದಕ್ಕಿಂತ ನೀರು ಸ್ಪಷ್ಟವಾಗಿ ಹೆಚ್ಚು ಏರಿತು, ಅದೂ ಬತ್ತಿಗಳು ಆರಿದ ಮೇಲೆ. ಇಷ್ಟು ವರ್ಷ ಹೇಳಿದ್ದನ್ನು ತಿದ್ದಿಕೊಳ್ಳುತ್ತೇನೆ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೂ ಈ ತಿದ್ದುಪಡಿಯನ್ನು ಕಳುಹಿಸಿದ್ದೇನೆ. ತರಗತಿಯಲ್ಲಿ ಎರಡೂ ವಿವರಣೆಗಳನ್ನು ಬೋರ್ಡಿನ ಮೇಲೆ ಬರೆದು, ಯಾವುದು ನಿಲ್ಲುತ್ತದೆ ಎಂದು ಮಕ್ಕಳಿಂದಲೇ ಪರೀಕ್ಷಿಸುತ್ತೇನೆ.

ಹೊಸನಗರದ ಅಡಿಕೆ ಬೆಳೆಗಾರ:

ಈ ದಿನ ಮೊದಲ ಸುತ್ತಿನ ಔಷಧಿ ಹೊಡೆಸಿದೆವು. ಅಕ್ಕೋರು ಹೇಳಿದಂತೆ ಮಗಳಿಗೆ ಕೈಗವಸು ಹಾಕಿಸಿ, ಪ್ರತಿ ಡ್ರಮ್ಮಿಗೂ ಒಂದು ಹೊಸ ಬ್ಲೇಡು ಕೊಟ್ಟೆ. ಅದ್ದುವ ಮೊದಲು ಕೆಂಪಾಗುತ್ತದೆಯೋ ಇಲ್ಲವೋ ಎಂದು ಅವಳು ಬರೆದಿಟ್ಟುಕೊಂಡಳು. ಮೊದಲ ಡ್ರಮ್ಮಿನಲ್ಲಿ ಬ್ಲೇಡು ಬಿಳಿಯಾಗಿಯೇ ಬಂತು. ಎರಡನೆಯದರಲ್ಲಿ ಅಂಚಿನುದ್ದಕ್ಕೂ ಕೆಂಪು ಹತ್ತಿತು. ಎರಡಕ್ಕೂ ಸುಣ್ಣವನ್ನು ನಾನೇ ತೂಗಿ ಹಾಕಿದ್ದರಿಂದ ತೂಕ ತಪ್ಪಿರಲಿಲ್ಲ. ಮೊದಲ ಡ್ರಮ್ಮಿನ ಸುಣ್ಣ ಹೊಸ ಚೀಲದ್ದು, ಎರಡನೆಯದು ಕಳೆದ ವರ್ಷ ಅರ್ಧ ಉಳಿದು ಕೊಟ್ಟಿಗೆಯ ಅಟ್ಟದಲ್ಲಿದ್ದ ಚೀಲದ್ದು ಎಂದು ಅವಳು ನೆನಪಿಸಿದಳು. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿದ ಸುಣ್ಣಕ್ಕೆ ಹುಳಿ ಬಿದ್ದರೆ ಅದೇ ಅನಿಲ ಗುಳ್ಳೆಯಾಗಿ ಹೊರಬರಬೇಕು ಎಂದು ಹೇಳಿ, ಎರಡೂ ಚೀಲದಿಂದ ಒಂದೊಂದು ಚಮಚ ಸುಣ್ಣವನ್ನು ಬೇರೆಬೇರೆ ತಟ್ಟೆಗೆ ಹಾಕಿಸಿಕೊಂಡಳು. ಕನ್ನಡಕ ಹಾಕಿಕೊಂಡು, ದೂರದಿಂದ ನಾನೇ ನಿಂಬೆರಸ ಬಿಟ್ಟೆ. ಹಳೆಯ ಸುಣ್ಣ ಚುರ್ರೆಂದು ನೊರೆಗಟ್ಟಿತು, ಹೊಸದು ಬಿಸಿಯಾಯಿತೇ ಹೊರತು ನೊರೆ ಬರಲಿಲ್ಲ. ಎರಡನೆಯ ಡ್ರಮ್ಮಿಗೆ ಹೊಸ ಸುಣ್ಣದ ತಿಳಿ ಸೇರಿಸುತ್ತಾ ಹೋಗಿ, ಮೂರನೆಯ ಸಲ ಬ್ಲೇಡು ಬಿಳಿಯಾಗಿ ಬಂದ ಮೇಲೆ ಕೊನೆಗಾರರಿಗೆ ಕೊಟ್ಟೆವು. ಹಳೆಯ ಚೀಲವನ್ನು ಬೇರೆ ಇಟ್ಟಿದ್ದೇನೆ. ಮೇಷ್ಟ್ರಿಗೆ ತರಗತಿಯಲ್ಲಿ ತೋರಿಸಲು ಬೇಕಿದ್ದರೆ ಸೋಮವಾರ ತೀರ್ಥಹಳ್ಳಿಗೆ ಬರುವಾಗ ಒಂದು ಡಬ್ಬಿಯಲ್ಲಿ ತಂದುಕೊಡುತ್ತೇನೆ.